ಹಡಗಿಗೆ ಕಟ್ಟಿಕೊಟ್ಟ ಮದ್ದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಎಪ್ಪತ್ತು ದಾಟಿದ ಮೇಲೆ ಇದನ್ನು ಯಾರೆದುರಿಗಾದರೂ ಹೇಳಿಕೊಳ್ಳುತ್ತೇನೆ, ಇನ್ನು ಮುಚ್ಚಿಟ್ಟು ಆಗಬೇಕಾದದ್ದೇನೂ ಇಲ್ಲ. ಆದರೆ ಐವತ್ತರ ದಶಕದಲ್ಲಿ, ಸಾಗರದ ಮನೆಯಲ್ಲಿ ಕಿರಿಯ ಸೊಸೆಯಾಗಿದ್ದಾಗ, ಅದು ಹೊಟ್ಟೆಕಿಚ್ಚು ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ನ್ಯಾಯ ಎಂದು ಹೆಸರಿಟ್ಟುಕೊಂಡಿದ್ದೆ. ನನಗೆ ಬರಬೇಕಾದದ್ದು ಇನ್ನೊಬ್ಬಳಿಗೆ ಹೋಗುತ್ತಿದೆ, ಅದನ್ನು ನೋಡಿ ಉರಿಯುವುದು ತಪ್ಪೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಉತ್ತರವನ್ನೂ ನಾನೇ ಕೊಡುತ್ತಿದ್ದೆ.

ಆ ಇನ್ನೊಬ್ಬಳು ನನ್ನ ಓರಗಿತ್ತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ತೀರ್ಥಹಳ್ಳಿಯ ಅನುಕೂಲಸ್ಥರ ಮನೆಯ ಹುಡುಗಿ, ಮಿಡ್ಲ್‌ಸ್ಕೂಲು ಮುಗಿಸಿದವಳು. ನಮ್ಮದು ಜವಳಿ ಅಂಗಡಿ, ಬೀದಿಗೆ ಅಂಗಡಿ, ಹಿಂದೆ ಮನೆ. ಭಾವ ಮತ್ತು ನನ್ನ ಗಂಡ ಅಂಗಡಿಯಲ್ಲಿ, ನಾವಿಬ್ಬರು ಒಳಗೆ, ನಮ್ಮೆಲ್ಲರ ಮೇಲೆ ಅತ್ತೆ. ನನಗೆ ಎರಡು ಮಕ್ಕಳು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಅದಕ್ಕಾಗಿ ಅತ್ತೆಗೆ ಅವಳ ಮೇಲೆ ಒಂದು ತೂಕ ಹೆಚ್ಚು ಕನಿಕರ. ಆ ಕನಿಕರದ ಮೇಲೂ ನನ್ನ ಕಣ್ಣಿತ್ತು. ಎರಡು ಹೆತ್ತವಳಿಗೆ ಸಿಗದ ಮೆತ್ತನೆಯ ಮಾತು ಹೆರದವಳಿಗೆ ಸಿಗುತ್ತದಲ್ಲ ಎಂದು ಒಲೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದೆ. ಮನುಷ್ಯರ ಮನಸ್ಸು ಎಷ್ಟು ಕೆಳಗಿಳಿಯಬಹುದು ಎಂದು ತಿಳಿಯಬೇಕಾದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅತ್ತೆಯದು ಇನ್ನೂ ಬಿಗಿ. ಸೂರ್ಯ ಇಳಿದ ಮೇಲೆ ಅವರ ತುಟಿಗೆ ಒಂದು ಹನಿ ನೀರೂ ಸೋಕುವಂತಿರಲಿಲ್ಲ. ಒಮ್ಮೆ ಅವರಿಗೆ ಕೆಟ್ಟ ಕೆಮ್ಮು ಬಂದು, ಕಷಾಯ ಕುದಿಸಿ ತರುವಷ್ಟರಲ್ಲಿ ಬೆಳಕು ಹೋಗಿತ್ತು. ಬಟ್ಟಲನ್ನು ತಲೆಯ ಹತ್ತಿರ ಇಟ್ಟುಕೊಂಡು, ಬೆಳಗಿನವರೆಗೆ ಕೆಮ್ಮುತ್ತಲೇ ಕೂತು, ಹೊತ್ತು ಹುಟ್ಟಿದ ಮೇಲೆ ಅದನ್ನು ತಣ್ಣಗೇ ಕುಡಿದರು. ಅಕ್ಕನೂ ಮದುವೆಯಾಗಿ ಬಂದ ವರ್ಷವೇ ಅದೇ ನೇಮ ಹಿಡಿದಳು. ಭಕ್ತಿಯಿಂದ ಎಂದು ಎಲ್ಲರೂ ಹೊಗಳಿದರು, ಅತ್ತೆಯನ್ನು ಮೆಚ್ಚಿಸಲು ಎಂದು ನಾನು ನಂಬಿದ್ದೆ. ನಾನು ಮಾತ್ರ ಹಾಲೂಡಿಸುವವಳು ಎಂಬ ನೆಪ ಹೇಳಿ ಕತ್ತಲಾದ ಮೇಲೂ ನೀರು ಕುಡಿಯುತ್ತಿದ್ದೆ. ಮಗು ಹಾಲು ಬಿಟ್ಟ ಮೇಲೂ ಕುಡಿಯುತ್ತಿದ್ದೆ.

ಆ ಮನೆಯಲ್ಲಿ ನನಗೆ ಬೆಲೆಯಿದ್ದದ್ದು ಒಂದೇ ಒಂದು ವಿಷಯಕ್ಕೆ, ಮದ್ದಿಗೆ. ನನ್ನ ಅಪ್ಪ ಹೊಸನಗರದ ಕಡೆಯ ಪಂಡಿತರು. ಅತ್ತೆ ಆಸ್ಪತ್ರೆಯ ಬಾಟಲಿ ಮುಟ್ಟುತ್ತಿರಲಿಲ್ಲ, ಅದರಲ್ಲಿ ಸಾರಾಯಿಯ ಅಂಶ ಇರುತ್ತದೆಂದು. ಬೇರೆ ಪಂಡಿತರ ಮದ್ದಿಗೆ ಜೇನುತುಪ್ಪ ಬೇಕೇ ಬೇಕು, ಜೇನು ನಮಗೆ ನಿಷಿದ್ಧ. ಹಸಿ ಶುಂಠಿ ನೆಲದೊಳಗಿನ ಗೆಡ್ಡೆ, ಅದೂ ಆಗದು. ಅಪ್ಪ ಜೇನಿನ ಬದಲು ತುಪ್ಪ ಸಕ್ಕರೆಯಲ್ಲಿ, ಹಸಿ ಶುಂಠಿಯ ಬದಲು ಒಣಶುಂಠಿಯಲ್ಲಿ ಕೆಲಸ ನಡೆಸುವುದನ್ನು ರೂಢಿ ಮಾಡಿಕೊಂಡಿದ್ದರು. ಅವರ ಪಕ್ಕ ಕೂತು ಕುಟ್ಟಿ, ಶೋಧಿಸಿ, ಕಟ್ಟಿ ನಾನೂ ಕಲಿತಿದ್ದೆ. ಮನೆಯಲ್ಲಿ ಯಾರಾದರೂ ಸೀನಿದರೂ ನನ್ನನ್ನೇ ಕರೆಯುತ್ತಿದ್ದರು. ಅಷ್ಟು ಹೊತ್ತು ನಾನು ಹಿರಿಯ ಸೊಸೆ.

ಒಂದು ಪುಷ್ಯ ಮಾಸದಲ್ಲಿ ಭಾವ ಅಂಗಡಿ ಮುಚ್ಚಿ ಒಳಗೆ ಬಂದು ಕೈಕಾಲು ತೊಳೆಯುತ್ತಾ ಸುದ್ದಿ ಹೇಳಿದರು. ಜವಳಿ ಖರೀದಿಗೆ ಅವರು ಬೊಂಬಾಯಿಗೆ ಹೋಗುವುದಿತ್ತು. ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿ, ಅಲ್ಲಿಂದ ಮುಂದೆ ಗಿರ್ನಾರ್ ಯಾತ್ರೆ ಮಾಡಿಸುವುದು ಎಂದು. ನೇಮಿನಾಥ ಸ್ವಾಮಿಯ ಬೆಟ್ಟ ನೋಡಬೇಕೆಂಬುದು ಅತ್ತೆಯ ಇಪ್ಪತ್ತು ವರ್ಷದ ಆಸೆ. ಬೊಂಬಾಯಿಯಿಂದ ರೈಲಿನಲ್ಲಿ ಸುತ್ತುಬಳಸಿ ಹೋದರೆ ಎರಡು ದಿನ, ಮೂರು ಕಡೆ ಗಾಡಿ ಬದಲಾಯಿಸಬೇಕು.

"ಹಡಗಿನಲ್ಲಿ ಸಲೀಸು. ಸಂಜೆ ಹತ್ತಿದ್ರೆ ಬೆಳಿಗ್ಗೆ ವೆರಾವಳದಲ್ಲಿ ಇಳಿಯೋದು, ಗಿರ್ನಾರು ಅಲ್ಲಿಂದ ಹತ್ತಿರ. ಒಂದ್ ನಿದ್ದೆ ತೆಗೆಯೋದ್ರಲ್ಲಿ ಊರು ಬಂದಿರ್ತದೆ," ಎಂದರು ಭಾವ.

"ಹಡಗಾ," ಎಂದರು ಅತ್ತೆ. "ವಾಂತಿ ಬರ್ತದಂತಲ್ಲ."

ಆಗ ಅತ್ತೆ ನನ್ನ ಕಡೆ ನೋಡಿದರು. ಆ ಒಂದು ನೋಟಕ್ಕೆ ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿ ಮುಗಿಸಿದೆ.

ನನಗೆ ನೀರಿನ ಮೇಲೆ ಹೋಗುವ ಹುಚ್ಚು ಚಿಕ್ಕಂದಿನಿಂದ. ತವರಿನಿಂದ ಅಜ್ಜಿಯ ಮನೆಗೆ ಹೋಗುವಾಗ ಶರಾವತಿಯ ಕಡವಿನಲ್ಲಿ ದೋಣಿ ಹತ್ತಬೇಕಿತ್ತು. ಹತ್ತೇ ನಿಮಿಷದ ದಾರಿ. ಆಚೆ ದಡ ಬಂದಾಗ ನಾನು ಇಳಿಯದೆ ಹಟ ಮಾಡಿ ಅಪ್ಪನ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದೆ. ದೋಣಿಯೇ ಹೀಗಿದ್ದರೆ ಹಡಗು ಹೇಗಿರಬಹುದು? ಅಕ್ಕನಾದರೋ ತುಂಗೆಯ ದಡದಲ್ಲಿ ಹುಟ್ಟಿಯೂ ಬಾವಿಗೆ ಬಗ್ಗಿದರೆ ತಲೆ ತಿರುಗುತ್ತದೆ ಎನ್ನುವವಳು. ಅತ್ತೆಯ ಜೊತೆಗೆ ಒಬ್ಬ ಹೆಂಗಸು ಬೇಕೇ ಬೇಕು. ನೀರಿಗೆ ಹೆದರದವಳು ನಾನು, ಮದ್ದು ಬಲ್ಲವಳು ನಾನು. ಮಕ್ಕಳನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಇದ್ದೇ ಇದ್ದಾಳೆ, ಮಕ್ಕಳೆಂದರೆ ಅವಳಿಗೆ ಪ್ರಾಣ. ಎಲ್ಲ ಸರಿಯಾಗಿ ಕೂಡಿ ಬಂದಿದೆ ಎಂದು ನಾನು ಎರಡು ದಿನ ಹಾಡಿಕೊಂಡೇ ಪಾತ್ರೆ ತೊಳೆದೆ.

ಮೂರನೆಯ ದಿನ ಅತ್ತೆ ತೀರ್ಮಾನ ಹೇಳಿದರು. ಭಾವ ಹೋಗುತ್ತಿರುವಾಗ ಅವರ ಹೆಂಡತಿ ಜೊತೆಗೆ ಹೋಗುವುದೇ ಸರಿ. ಅಕ್ಕ ಗಿರ್ನಾರಿನಲ್ಲಿ ಮಕ್ಕಳಿಗೆಂದು ಹರಕೆಯನ್ನೂ ಹೇಳಿಕೊಳ್ಳಬಹುದು.

"ನೀನಿದ್ರೆ ಮನೆ ನಡೀತದೆ ಮಾರಾಯ್ತಿ," ಎಂದರು ನನಗೆ. "ನಿನ್ನ ಬಿಟ್ಟು ಹೋದ್ರೆ ನಂಗೆ ಹಿಂದಿನ ಚಿಂತೆ ಇರಲ್ಲ."

ಇದು ಹೊಗಳಿಕೆ. ಆಳುಮಗನನ್ನು ಹೊಗಳುವುದೂ ಹೀಗೆಯೇ. ನಾನು ತಲೆಯಾಡಿಸಿದೆ. ಅಕ್ಕ ಪಕ್ಕದಲ್ಲಿ ನಿಂತು, "ಅವಳೇ ಹೋಗ್ಲಿ ಅತ್ತೆ, ನಂಗೆ ನೀರು ಕಂಡ್ರೆ ಆಗಲ್ಲ," ಎಂದಳು. ಒಳ್ಳೆಯತನದ ನಾಟಕ ಎಂದುಕೊಂಡೆ. ನಿಜವಾಗಿ ಬೇಡವಾಗಿದ್ದರೆ ಗಟ್ಟಿಯಾಗಿ ಹೇಳುತ್ತಿರಲಿಲ್ಲವೇ, ಅಳುತ್ತಿರಲಿಲ್ಲವೇ? ಅತ್ತೆ ಕೈಬೀಸಿ ಬಿಟ್ಟರು, ಮಾತು ಅಲ್ಲಿಗೆ ಮುಗಿಯಿತು. ಇಪ್ಪತ್ತು ದಿನದ ಯಾತ್ರೆಗೆ ಬೇಕಾದ ಮದ್ದು ಕಟ್ಟುವ ಕೆಲಸ ನನಗೆ ಬಂತು.

ಮದ್ದು ಕಟ್ಟುವಾಗ ನನಗೊಂದು ಉಪಾಯ ಹೊಳೆಯಿತು. ಅಪ್ಪ ಮದ್ದಿನ ಪೊಟ್ಟಣದ ಮೇಲೆ ಎಂದೂ ಬರೆಯುತ್ತಿರಲಿಲ್ಲ. ಹಳೆಯ ಪತ್ರಿಕೆಯ ಕಾಗದದಲ್ಲೂ ಕಟ್ಟುತ್ತಿರಲಿಲ್ಲ. ಮದ್ದು ತಿಂದವರು ಪೊಟ್ಟಣವನ್ನು ಬೀದಿಗೆ ಎಸೆಯುತ್ತಾರೆ, ಅಕ್ಷರ ಕಾಲಡಿಗೆ ಬೀಳುತ್ತದೆ, ಅದು ಜ್ಞಾನಕ್ಕೆ ಮಾಡುವ ಅವಮಾನ ಎಂದು. ಬಟ್ಟೆಯ ತುಂಡಿನಲ್ಲಿ ಕಟ್ಟಿ, ದಾರಕ್ಕೆ ಬೇರೆ ಬೇರೆ ಗಂಟು ಹಾಕುತ್ತಿದ್ದರು. ಗಂಟು ಮುಟ್ಟಿದರೆ ಸಾಕು, ಕಣ್ಣಿಲ್ಲದವರಿಗೂ ಯಾವ ಮದ್ದು ಎಂದು ತಿಳಿಯಬೇಕು. ಅವೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಅಕ್ಷರ ಬಲ್ಲ ಅಕ್ಕನಿಗೆ ಮಾತ್ರ ಒಂದೂ ಗೊತ್ತಿಲ್ಲ. ಅಪ್ಪನ ಪದ್ಧತಿಯಲ್ಲೇ ಕಟ್ಟಿಬಿಟ್ಟರೆ ಅದನ್ನು ಬಿಚ್ಚಲು ನಾನೇ ಬೇಕಾಗುತ್ತದೆ. ಕೊನೆಯ ಗಳಿಗೆಯಲ್ಲಾದರೂ ಅತ್ತೆ, "ನೀನೇ ಬಾ," ಎನ್ನಬೇಕಾಗುತ್ತದೆ.

ಐದು ದಿನ ಕುಟ್ಟಿದೆ. ಜ್ವರಕ್ಕೆ ನೆಲಬೇವು ಅಮೃತಬಳ್ಳಿ, ಕೆಮ್ಮಿಗೆ ಕಲ್ಲುಸಕ್ಕರೆ ಹಾಕಿದ ಹಿಪ್ಪಲಿ, ಅಜೀರ್ಣಕ್ಕೆ ಓಮ ಇಂಗು, ಭೇದಿಗೆ ದಾಳಿಂಬೆ ಸಿಪ್ಪೆ. ವಾಂತಿಗೆ ಏಲಕ್ಕಿ, ಜೀರಿಗೆ, ಒಣಶುಂಠಿ, ಹುರಿದ ಅರಳು ಸೇರಿಸಿ ಪುಡಿ ಮಾಡಿದೆ. ಪ್ರಯಾಣದಲ್ಲಿ ಹೊಟ್ಟೆ ಕಟ್ಟುತ್ತದೆಂದು ಸೋನಾಮುಖಿ ಅಳಲೆಕಾಯಿಯ ಪುಡಿಯನ್ನೂ ಮಾಡಿದೆ. ಅದು ಕುದುರೆಯ ಹೊಟ್ಟೆಯನ್ನೂ ಬಿಡಿಸುವಂಥದು. ಒಟ್ಟು ಹದಿಮೂರು ಬಗೆ. ಅಂಗಡಿಯ ಕೋರಾ ಬಟ್ಟೆಯ ತುಂಡುಗಳಲ್ಲಿ ಕಟ್ಟಿ, ಒಂದೊಂದಕ್ಕೂ ಅಪ್ಪನ ಗಂಟು ಹಾಕಿ, ಒಂದು ಚೀಲಕ್ಕೆ ತುಂಬಿ ಅತ್ತೆಯ ಎದುರಿಗಿಟ್ಟೆ.

"ಇದ್ರಲ್ಲಿ ಯಾವ್ದು ಯಾವ್ದಕ್ಕೆ?" ಎಂದು ಕೇಳಿದರು ಅತ್ತೆ.

"ಗಂಟು ನೋಡಿದ್ರೆ ಗೊತ್ತಾಗ್ತದೆ ಅತ್ತೆ. ನಂಗೆ ಗೊತ್ತು," ಎಂದೆ. ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಅತ್ತೆ ಒಂದು ಪೊಟ್ಟಣ ಎತ್ತಿ ತಿರುಗಿಸಿ ನೋಡಿದರು. ಈಗ ನನ್ನ ಹೆಸರು ಬರುತ್ತದೆ ಎಂದು ಕಾದೆ.

"ನಿನ್ನಪ್ಪನ ಪದ್ಧತಿ ಒಳ್ಳೇದೇ. ಬರೆಯೋದು ಬ್ಯಾಡ, ಬೊಂಬಾಯಿಯಲ್ಲಿ ಎಲ್ಲಿ ಎಸೀತೀವೋ ಏನೋ. ಇವ್ಳಿಗೂ ಗಂಟು ಕಲಿಸಿಬಿಡು," ಎಂದು ಅಕ್ಕನನ್ನು ತೋರಿಸಿದರು.

ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಇಷ್ಟು ದಿನ ನನ್ನದು ಎಂದು ಒಂದಾದರೂ ಇತ್ತು, ಅದನ್ನೂ ಕೈಯಾರೆ ತೆಗೆದು ಅವಳಿಗೆ ಕೊಡಬೇಕು.

ಮಾರನೆಯ ಮಧ್ಯಾಹ್ನ, ಊಟದ ಎಲೆ ತೆಗೆದ ಮೇಲೆ, ಹಿತ್ತಿಲ ಜಗಲಿಯಲ್ಲಿ ಅಕ್ಕ ನನ್ನೆದುರು ಕೂತಳು. ನಾನು ಬೇಕೆಂದೇ ಬೇಗ ಬೇಗ ಹೇಳಿದೆ. ಒಂಟಿ ಗಂಟು, ಹೂಗಂಟು, ಮೂರು ಸುತ್ತಿನ ಗಂಟು, ನಡುವೆ ಮಣಿ ಬಿಟ್ಟ ಗಂಟು. ಅವಳು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, ತುಟಿ ಅಲುಗಿಸಿ, ಬದಿಗಿಟ್ಟಳು. ಆಮೇಲೆ ಕಣ್ಣು ಮುಚ್ಚಿ ಚೀಲಕ್ಕೆ ಕೈಹಾಕಿ ಒಂದೊಂದೇ ತೆಗೆದು ಒಪ್ಪಿಸತೊಡಗಿದಳು. ಜ್ವರ, ಕೆಮ್ಮು, ಅಜೀರ್ಣ, ತಲೆನೋವು. ಹನ್ನೊಂದು ತಪ್ಪಿಲ್ಲದೆ ಹೇಳಿದಳು. ನನಗೆ ಅಷ್ಟು ಕಲಿಯಲು ಒಂದು ವರ್ಷ ಹಿಡಿದಿತ್ತು, ಕೈಬೆರಳಿನ ಗಿಣ್ಣಿಗೆ ಅಪ್ಪನ ಕೋಲಿನ ಪೆಟ್ಟೂ ಬಿದ್ದಿತ್ತು. ಇವಳು ಬಾಯಲ್ಲಿದ್ದ ಎಲೆಯಡಿಕೆ ಮುಗಿಯುವುದರೊಳಗೆ ಕಲಿತಳು. ಎದ್ದು ಹೋಗಿಬಿಡೋಣ ಅನಿಸಿತು.

ಉಳಿದದ್ದು ಎರಡು, ವಾಂತಿಯದು ಮತ್ತು ಸೋನಾಮುಖಿಯದು. ಒಂದು ಬಿಗಿಯಾದ ಜೋಡಿಗಂಟು, ಇನ್ನೊಂದು ಸರಗುಣಿಕೆ, ತುದಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಗಂಟು. ಅಪ್ಪನ ಲೆಕ್ಕ ಸರಳ. ನಿಲ್ಲಿಸುವ ಮದ್ದಿಗೆ ಬಿಗಿಗಂಟು, ಬಿಡಿಸುವ ಮದ್ದಿಗೆ ಬಿಚ್ಚುವ ಗಂಟು. ಈ ಲೆಕ್ಕವನ್ನು ನಾನು ಅಕ್ಕನಿಗೆ ಹೇಳಿಕೊಟ್ಟಿರಲಿಲ್ಲ.

"ಇವೆರಡ್ರಲ್ಲಿ ಗೊಂದಲ ಆಗ್ತದೆ ನಂಗೆ. ವಾಂತಿದು ಯಾವ್ದು, ಇದಾ, ಸರಗುಣಿಕೇದಾ?" ಎಂದು ಕೇಳಿದಳು.

"ಸರಗುಣಿಕೇದು," ಎಂದೆ.

ಅಷ್ಟೇ. ಒಂದೇ ಮಾತು. ಹೇಳುವ ಕ್ಷಣದವರೆಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆದರೆ ನಾಲಿಗೆ ತಪ್ಪಿತು ಎಂದು ಸುಳ್ಳು ಹೇಳಲಾರೆ. ತಪ್ಪಿದ್ದರೆ ಮರುಕ್ಷಣವೇ ತಿದ್ದಬಹುದಿತ್ತು. ಅಕ್ಕ ಅಲ್ಲೇ ಕೂತಿದ್ದಳು, ಎರಡೂ ಪೊಟ್ಟಣ ನಮ್ಮಿಬ್ಬರ ನಡುವೆ ಇದ್ದವು. ನಾನು ಸುಮ್ಮನಿದ್ದೆ. ನನ್ನ ಕಣ್ಣ ಮುಂದೆ ಬಂದದ್ದು ಇಷ್ಟು: ಹಡಗಿನಲ್ಲಿ ಅಕ್ಕ ತಪ್ಪು ಮದ್ದು ಕೊಟ್ಟಿದ್ದಾಳೆ, ಅತ್ತೆ ಬೈಯುತ್ತಿದ್ದಾರೆ, "ಚಿಕ್ಕವಳನ್ನ ಕರ್ಕೊಂಡು ಬರಬೇಕಿತ್ತು," ಎನ್ನುತ್ತಿದ್ದಾರೆ. ಅದರಾಚೆಗೆ ಏನಾದೀತು ಎಂದು ನಾನು ಯೋಚಿಸಲಿಲ್ಲ. ಅಕ್ಕ "ಸರಗುಣಿಕೆ ವಾಂತಿಗೆ, ಸರಗುಣಿಕೆ ವಾಂತಿಗೆ" ಎಂದು ಎರಡು ಸಲ ಬಾಯಿಪಾಠ ಮಾಡಿ ಎದ್ದಳು.

ಸಾಗರದ ರೈಲು ನಿಲ್ದಾಣಕ್ಕೆ ಎಲ್ಲರೂ ಹೋಗಿದ್ದೆವು. ಅಕ್ಕ ಹೊಸ ಸೀರೆ ಉಟ್ಟು, ಮದ್ದಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ನನ್ನ ಚಿಕ್ಕ ಮಗ ಅವಳ ಕುತ್ತಿಗೆ ಬಿಡಲೊಲ್ಲ. ಕಿತ್ತು ಈಚೆ ತೆಗೆದುಕೊಂಡಾಗ ಅವನು ಅತ್ತ, ಅವಳೂ ಅತ್ತಳು. ಹಡಗು ಹತ್ತಲು ಹೊರಟವಳಿಗೆ ಅಳಲು ಏನಾಗಿದೆ ಎಂದು ನನಗೆ ಮೈಯೆಲ್ಲ ಉರಿಯಿತು. ಗಾಡಿ ಹೊರಟಿತು. ನಾನು ಮಗನ ಮೂಗು ಒರೆಸಿ, ಮನೆಗೆ ಬಂದು, ಹೊತ್ತು ಮುಳುಗುವ ಮೊದಲು ಅಡುಗೆಗೆ ಇಟ್ಟೆ.

ಎರಡು ದಿನ ಕಳೆದು ಹೊಸನಗರದಿಂದ ಬಸ್ಸಿನಲ್ಲಿ ಅಪ್ಪ ಬಂದರು. ಬೀಗಿತ್ತಿ ಯಾತ್ರೆಗೆ ಹೋದ ಸುದ್ದಿ ಕೇಳಿ ಸಂತೋಷಪಟ್ಟು, ಕಾಲು ಚಾಚಿ ಕೂತು ಪರೀಕ್ಷೆ ಶುರು ಮಾಡಿದರು.

"ವಾಂತಿಗೆ ಎಂತ ಕಟ್ಟಿದೆ?"

ಹೇಳಿದೆ.

"ಅರಳು ಹುರಿದು ಹಾಕಿದ್ಯಾ? ಒಳ್ಳೇದು. ಜೋಡಿಗಂಟೇ ತಾನೆ?"

"ಹೌದಪ್ಪ."

"ಅದೊಂದು ಸರಿ ಇರ್ಬೇಕು ನೋಡು. ವಾಂತಿ ಆಗಿ ಬಳಲಿದವರಿಗೆ ಸೋನಾಮುಖಿ ಬಿದ್ರೆ ಮೈನೀರೆಲ್ಲ ಹೋಗ್ತದೆ. ಗಟ್ಟಿ ಆಳೇ ಏಳಲ್ಲ, ವಯಸ್ಸಾದವರ ಕತೆ ಕೇಳೋದೇ ಬ್ಯಾಡ. ಬಾವಿಗೆ ತಳ್ಳಿದ ಹಾಗೆ," ಎಂದರು.

ಅವರು ತಮ್ಮ ಪಾಡಿಗೆ ಪಾಠ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೈಯಲ್ಲಿದ್ದ ಮಜ್ಜಿಗೆಯ ಲೋಟ ಕೆಳಗಿಟ್ಟೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಕೇಳಿದ್ದೇ. ಗೊತ್ತಿದ್ದದ್ದನ್ನು ಹೊಟ್ಟೆಕಿಚ್ಚು ಹೊದಿಕೆ ಹಾಕಿ ಮುಚ್ಚಿಟ್ಟಿತ್ತು. ಅತ್ತೆಗೆ ಆಗ ಅರವತ್ತು ದಾಟಿತ್ತು. ನನ್ನನ್ನು ಬೈದಷ್ಟೇ ಸಲ ನನ್ನ ಬಾಣಂತನದಲ್ಲಿ ತಲೆಗೆ ಎಣ್ಣೆಯನ್ನೂ ಒತ್ತಿದ ಕೈ ಅವರದು.

ಅವರು ಬೊಂಬಾಯಿಯ ಧರ್ಮಶಾಲೆಯಲ್ಲಿ ನಾಲ್ಕು ದಿನ ತಂಗಿ ಆಮೇಲೆ ಹಡಗು ಹತ್ತುವುದೆಂದು ಮಾತಾಗಿತ್ತು. ಧರ್ಮಶಾಲೆಯ ವಿಳಾಸ ಅಂಗಡಿಯ ಗೋಡೆಯಲ್ಲಿ ಚುಚ್ಚಿಟ್ಟಿತ್ತು. ಅಪ್ಪ ಹೊರಟ ಕೂಡಲೇ ಒಂದು ಕಾರ್ಡು ತೆಗೆದುಕೊಂಡು ಕೂತೆ. ನನ್ನದು ಕೋಳಿ ಕೆದರಿದಂಥ ಅಕ್ಷರ. "ಸರಗುಣಿಕೆಯದು ವಾಂತಿಗೆ ಅಲ್ಲ. ಕೊಡಬೇಡ. ಜೋಡಿಗಂಟಿನದು ವಾಂತಿಗೆ," ಎಂದು ಬರೆದೆ. ಮುಂದೆ ಏನು ಬರೆಯುವುದು? ಬೇಕೆಂದೇ ಹೇಳಿದೆ ಎಂದು ಬರೆದರೆ ಭಾವ ಓದುತ್ತಾರೆ, ಅತ್ತೆಗೆ ಗೊತ್ತಾಗುತ್ತದೆ, ನಾನು ಆ ಮನೆಯಲ್ಲಿ ತಲೆಯೆತ್ತುವ ಹಾಗಿಲ್ಲ. ಅತ್ತೆಯ ಜೀವಕ್ಕೆ ಹೆದರಿ ಕೂತವಳು ನನ್ನ ಮಾನದ ಲೆಕ್ಕವನ್ನೂ ಹಾಕಿದೆ. "ಮರೆತು ಅದಲು ಬದಲು ಹೇಳಿದೆ," ಎಂದು ಬರೆದು ಮುಗಿಸಿದೆ.

ತಂತಿ ಕೊಟ್ಟರೆ ಊರಿಗೇ ಸುದ್ದಿಯಾಗುತ್ತದೆ, ಗಂಡನ ಕೈಗೆ ಕಾರ್ಡು ಕೊಟ್ಟರೆ ಓದದೆ ಬಿಡುವವರಲ್ಲ. ಬಸದಿಗೆ ಹೋಗಿ ಬರುತ್ತೇನೆಂದು ಹೇಳಿ, ಸೆರಗಿನಲ್ಲಿ ಕಾರ್ಡು ಸುತ್ತಿಕೊಂಡು ಹೋಗಿ ಅಂಚೆಡಬ್ಬಿಗೆ ಹಾಕಿದೆ. ಬಸದಿಗೆ ಹೋಗಲಿಲ್ಲ, ಮುಖವಿರಲಿಲ್ಲ. ಕಾರ್ಡು ಬೊಂಬಾಯಿ ಮುಟ್ಟಲು ಎಷ್ಟು ದಿನ, ಅವರು ಹಡಗು ಹತ್ತಲು ಎಷ್ಟು ದಿನ ಎಂದು ಬೆರಳು ಮಡಚಿದೆ. ಒಂದು ದಿನ ಹೆಚ್ಚು ಕಡಿಮೆ. ಹೇಗೆ ಎಣಿಸಿದರೂ ಆ ಒಂದು ದಿನ ನನ್ನ ಕೈಗೆ ಸಿಗಲಿಲ್ಲ.

ಹತ್ತು ದಿನ ಉಂಡದ್ದು ಗೊತ್ತಾಗಲಿಲ್ಲ. ಕತ್ತಲಾದ ಮೇಲೆ ನೀರು ಕುಡಿಯುವುದನ್ನು ಬಿಟ್ಟೆ, ಏನೋ ಪ್ರಾಯಶ್ಚಿತ್ತ ಎಂಬಂತೆ. ಹನ್ನೊಂದನೆಯ ದಿನ ಭಾವನ ಕಾರ್ಡು ಬಂತು. ನನ್ನ ಗಂಡ ನಡುಮನೆಯಲ್ಲಿ ನಿಂತು ಓದಿದರು. ಕ್ಷೇಮವಾಗಿ ವೆರಾವಳ ತಲುಪಿದೆವು. ಅಮ್ಮ ಸುಖವಾಗಿದ್ದಾಳೆ. ಇವಳಿಗೆ ಮಾತ್ರ ಹಡಗಿನಲ್ಲಿ ತುಂಬಾ ತ್ರಾಸವಾಯಿತು.

ನನಗೆ ಮೊದಲು ಬಂದದ್ದು ಸಮಾಧಾನ, ಅತ್ತೆಗೆ ಏನೂ ಆಗಲಿಲ್ಲವಲ್ಲ ಎಂದು. ಅದರ ಹಿಂದೆಯೇ ಇನ್ನೊಂದು ಬಂತು, ಹೇಳಲು ನಾಚಿಕೆ. ಹಡಗು ಹತ್ತಿದವಳಿಗೆ ತಕ್ಕದ್ದಾಯಿತು ಎಂದು ಮನಸ್ಸು ಒಂದು ಕ್ಷಣ ತಣ್ಣಗಾಯಿತು. ಆಮೇಲೆ ನನ್ನ ಮಗ ಓಡಿ ಬಂದು, "ದೊಡ್ಡಮ್ಮನ ಕಾರ್ಡಾ?" ಎಂದು ಕೇಳಿದ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅವರು ಬಂದದ್ದು ಇನ್ನೂ ಎಂಟು ದಿನ ಕಳೆದು. ಗಾಡಿಯಿಂದ ಮೊದಲು ಇಳಿದವರು ಅತ್ತೆ, ಇಪ್ಪತ್ತರ ಹುಡುಗಿಯ ಹಾಗೆ. ಹಿಂದೆ ಅಕ್ಕ, ಅರ್ಧ ಇಳಿದುಹೋಗಿದ್ದಳು, ಕುಪ್ಪಸದ ತೋಳು ಜೋತಾಡುತ್ತಿತ್ತು. ಅವಳ ಹೆಗಲಲ್ಲಿ ಮದ್ದಿನ ಚೀಲ ಹೋದ ಹಾಗೇ ಇತ್ತು. ಹೋದ ಹಾಗೇ ಎಂದರೆ, ಮನೆಗೆ ಬಂದು ನಾನೇ ಕೈಹಾಕಿ ನೋಡಿದೆ. ಹದಿಮೂರೂ ಪೊಟ್ಟಣ ಇದ್ದವು. ಒಂದರ ಗಂಟೂ ಬಿಚ್ಚಿರಲಿಲ್ಲ.

ಊಟದ ಹೊತ್ತಿಗೆ ಅತ್ತೆ ಎಲ್ಲರನ್ನೂ ಕೂರಿಸಿಕೊಂಡು ಹಡಗಿನ ಕತೆ ಹೇಳಿದರು. ಅವರು ನಗುತ್ತಿದ್ದುದನ್ನು ನಾನು ನೋಡಿದ್ದೇ ಕಡಿಮೆ.

"ಸಂಜೆ ಹತ್ತಿದ್ವಾ, ಕೂತ್ವಾ. ಹಡಗು ಹೊರಡೋದಕ್ಕೂ ಹೊತ್ತು ಮುಳುಗೋದಕ್ಕೂ ಸರಿಹೋಯ್ತು. ನೀರು ಆಡಕ್ಕೆ ಶುರುವಾಯ್ತು. ನಂಗೆ ಎಂತದೂ ಆಗ್ಲಿಲ್ಲ, ಜಪ ಮಾಡ್ತಾ ಕೂತಿದ್ದೆ. ಇವ್ಳು ಮಾತ್ರ ತಗಡಿನ ಬಕೆಟ್ಟಿಗೆ ಮುಖ ಹಾಕಿದವಳು ಬೆಳಗಿನವರೆಗೆ ಎತ್ತಲಿಲ್ಲ. ಮದ್ದಿನ ಚೀಲ ತಲೆದಿಂಬು ಮಾಡ್ಕೊಂಡು ಮಲಗಿದ್ಲು. ತಿನ್ನೋ ಹಾಗಿಲ್ಲ. ಹೊತ್ತು ಮುಳುಗಿತ್ತಲ್ಲ. ಹೊತ್ತು ಹುಟ್ಟೋದಕ್ಕೂ ಹಡಗು ನಿಲ್ಲೋದಕ್ಕೂ ಸರಿಹೋಯ್ತು. ಆಮೇಲೆ ಮದ್ದು ಎಂತಕ್ಕೆ?"

ನನ್ನ ಗಂಡ ಗೋಡೆಗೆ ತಲೆ ಚಚ್ಚಿಕೊಳ್ಳುವಂತೆ ನಕ್ಕರು. ಮೂರು ತಲೆಮಾರಿನಿಂದ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆ. ಐದು ದಿನ ಕುಟ್ಟಿದೆವು, ಗಂಟು ಕಟ್ಟಿದೆವು, ಗಂಟು ಕಲಿಸಿದೆವು. ಸಂಜೆ ಹತ್ತಿ ಬೆಳಿಗ್ಗೆ ಇಳಿಯುವ ಹಡಗಿನಲ್ಲಿ ಈ ಮದ್ದು ತಿನ್ನುವುದು ಯಾವಾಗ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ದಿನಾ ಹೊತ್ತು ನೋಡಿ ಒಲೆ ಆರಿಸುವ ನನಗೂ ಹೊಳೆಯಲಿಲ್ಲ. ನನ್ನ ಒಂದು ಮಾತಿನ ವಿಷವನ್ನು ತಡೆದದ್ದು, ನಾನು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ಅದೇ ನೇಮ.

ಬರುವಾಗ ಹಡಗು ಬೇಡವೆಂದು ರೈಲಿನಲ್ಲೇ ಸುತ್ತಿ ಬೊಂಬಾಯಿಗೆ ಬಂದರಂತೆ. ಅಷ್ಟು ದೂರ ಹೋಗಿ, ಒಂದು ರಾತ್ರಿಯೆಲ್ಲ ಸಮುದ್ರದ ಮೇಲೆ ಕಳೆದು, ಅಕ್ಕ ನೋಡಿದ್ದು ಒಂದು ಬಕೆಟ್ಟಿನ ತಳ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನಾನಾಗಿದ್ದರೆ ಕಟಕಟೆ ಹಿಡಿದು ಬೆಳಗಿನವರೆಗೆ ನಿಂತಿರುತ್ತಿದ್ದೆ. ಕೊಲೆಗಡುಕಿಯಾಗುವುದು ತಪ್ಪಿತಲ್ಲ ಎಂದು ಕೈಮುಗಿಯಬೇಕಾದವಳು, ಆಗಲೂ ಇದನ್ನೇ ಯೋಚಿಸುತ್ತಿದ್ದೆ.

ಮಾರನೆಯ ಸಂಜೆ ಅಕ್ಕನಿಗೆ ಜ್ವರ ಬಂತು. ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ನಾನು ನೀರಿನ ಲೋಟ ಮತ್ತು ಮದ್ದಿನ ಚೀಲ ಹಿಡಿದು ಹೋದೆ. ಕಿಟಕಿಯಲ್ಲಿ ಇನ್ನೂ ಬಿಸಿಲಿನ ಒಂದು ಚೂರು ಇತ್ತು. ಅವಳು ದಿಂಬಿನ ಅಡಿಯಿಂದ ಒಂದು ಕಾರ್ಡು ತೆಗೆದು ನನ್ನ ಕೈಗಿಟ್ಟಳು. ನನ್ನ ಕೋಳಿ ಕೆದರಿದ ಅಕ್ಷರ.

"ಹೋಗುವಾಗ ಸಿಕ್ಕಿರ್ಲಿಲ್ಲ. ಬರುವಾಗ ಧರ್ಮಶಾಲೆಯಲ್ಲಿ ಕೊಟ್ರು. ನಾನೇ ಇಸ್ಕೊಂಡೆ. ಅತ್ತೆಗೂ ತೋರಿಸ್ಲಿಲ್ಲ, ಇವ್ರಿಗೂ ತೋರಿಸ್ಲಿಲ್ಲ," ಎಂದಳು.

"ಮರೆತುಬಿಟ್ಟಿದ್ದೆ ಅಕ್ಕ," ಎಂದೆ. ಮತ್ತೆ ಅದೇ ಸುಳ್ಳು.

"ನೀನು ಮರೆಯೋಳಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹಡಗಿನಲ್ಲಿ ರಾತ್ರಿಯೆಲ್ಲ ಆ ಪೊಟ್ಟಣಾನೇ ಮುಟ್ಟಿ ಮುಟ್ಟಿ ನೋಡ್ತಿದ್ದೆ. ಬೆಳಗಾದ ಕೂಡ್ಲೆ ತಿನ್ನೋಣ ಅಂತ. ಎಳೆದ್ರೆ ಬಿಚ್ಚಿಕೊಳ್ಳೋ ಗಂಟು. ಬಿಡಿಸೋ ಮದ್ದಿಗೆ ಬಿಡೋ ಗಂಟು ಕಟ್ಟಿರ್ತಾರೆ ಅಲ್ದಾ, ನಿಲ್ಸೋ ಮದ್ದಿಗೆ ಯಾಕೆ ಕಟ್ತಾರೆ ಅನ್ನಿಸ್ತು. ಆಗ್ಲೇ ಗೊತ್ತಾಯ್ತು."

ಅಪ್ಪ ನನಗೆ ಹೊಡೆದು ಹೇಳಿಕೊಟ್ಟದ್ದನ್ನು ಅವಳು ವಾಂತಿ ಮಾಡುತ್ತಾ, ಕತ್ತಲಲ್ಲಿ, ಬೆರಳಲ್ಲಿ ಮುಟ್ಟಿಯೇ ಕಂಡುಕೊಂಡಿದ್ದಳು. ಕಂಡುಕೊಂಡೂ ಯಾರಿಗೂ ಹೇಳಿರಲಿಲ್ಲ. ಕಾಲು ಹಿಡಿಯಬೇಕು ಅನಿಸಿತು, ಹಿಡಿಯಲಿಲ್ಲ. ಕಾರ್ಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲಕ್ಕೆ ಕೈಹಾಕಿ ಒಂದು ಪೊಟ್ಟಣ ತೆಗೆದು ಗಂಟು ಬಿಚ್ಚತೊಡಗಿದೆ. ಅದು ಕೂಡಲೇ ಬಿಚ್ಚಲಿಲ್ಲ. ಕೊನೆಗೆ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೋಡಿದರೆ, ಅಕ್ಕ ಕಣ್ಣು ಮುಚ್ಚಿ ಬಾಯಿ ತೆರೆದು ಮಲಗಿದ್ದಾಳೆ, ನನ್ನ ಚಿಕ್ಕ ಮಗ ಮದ್ದಿಗೆ ಬಾಯಿ ತೆರೆಯುವ ಹಾಗೆ.

"ಯಾವ ಗಂಟಿನದು ಅಂತ ಕೇಳಲ್ವಾ?" ಎಂದೆ.

"ಹೊತ್ತು ಮುಳುಗ್ತದೆ," ಎಂದಳು ಕಣ್ಣು ತೆರೆಯದೆ. "ಬೇಗ ಹಾಕು."

ಹಾಕಿದೆ. ನೀರು ಕುಡಿಸಿದೆ. ಅವಳು ಮುಖ ಕಹಿ ಮಾಡಿಕೊಂಡು ನುಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದೆವು. ನನ್ನ ಕೈಯ ಮದ್ದನ್ನು ಅವಳು ಎಷ್ಟು ಸಲ ತಿಂದಳೋ, ಯಾವುದು ಎಂದು ಒಂದು ಸಲವೂ ಕೇಳಲಿಲ್ಲ. ಅವಳು ಕೊಟ್ಟ ಕಷಾಯವನ್ನು ನಾನು ಮೂಸಿ ನೋಡದೆ ಒಂದು ಸಲವೂ ಕುಡಿಯಲಿಲ್ಲ. ನಾನು ಇಂದಿಗೂ ಹಡಗು ಹತ್ತಿಲ್ಲ, ಆ ಆಸೆ ಎಂದೋ ಹೋಯಿತು. ಆದರೆ ಅಂದು ಸಂಜೆ, ಕಣ್ಣು ಮುಚ್ಚಿ ಬಾಯಿ ತೆರೆದು ಮಲಗಿದ್ದ ಅವಳನ್ನು ನೋಡಿ ನನಗೆ ಬಂದ ಹೊಟ್ಟೆಕಿಚ್ಚು, ಹಡಗಿಗಾಗಿ ಪಟ್ಟದ್ದಕ್ಕಿಂತ ದೊಡ್ಡದು. ಅದು ಇನ್ನೂ ಹೋಗಿಲ್ಲ.